ಎಡಗಡೆಗೆ ಒಂದು ಪದರ ಹೆಚ್ಚು

ಮೂರನೆಯ ಸಲವೂ ಅದೇ ಸೈಕಲ್ ಚಡ್ಡಿ ರಿಪೇರಿಗೆ ಬಂದಾಗ ಹಿರಿಸೊಸೆಗೆ ಮೈಯೆಲ್ಲ ಉರಿಯಿತು. ಚಡ್ಡಿಗಲ್ಲ, ಅದನ್ನು ಹೊಲಿಗೆ ಮೆಷಿನ್ನಿನ ಮೇಲೆ ಒಗೆದ ರೀತಿಗೆ.

"ಎಡಗಡೆ ಇನ್ನೊಂದು ಪದರ ಹಾಕಿ ಅಕ್ಕ. ಹೋದ್ಸಲ ಹಾಕಿದ್ದು ಹತ್ತು ದಿನಕ್ಕೇ ಕಿತ್ಕೊಂಡು ಬಂತು. ದಾರದಲ್ಲೂ ಜಿಪುಣತನ ಮಾಡಿದ್ರೆ ಹೇಗೆ?" ಎಂದಳು ಕಿರಿಸೊಸೆ.

"ನನ್ನ ದಾರಕ್ಕೇನೂ ಆಗಿಲ್ಲ. ನಿನ್ನ ಮಗಳು ಕೂರೋದು ಸೀಟಿನ ಮೇಲೋ ಗರಗಸದ ಮೇಲೋ, ಮೊದಲು ಅದನ್ನ ನೋಡು."

"ನಮ್ಮೋರು ಸೈಕಲ್ ಓಡಿಸಿ ಕಪ್ಪು ಗೆದ್ದೋರು. ಕಾಜಾ ಹೊಲಿಯೋರ ಹತ್ರ ಕೇಳಿ ಕಲೀಬೇಕಾಗಿಲ್ಲ." ಅಷ್ಟು ಹೇಳಿ ಕಿರಿಸೊಸೆ ಬಾಗಿಲನ್ನು ಬೇಕೆಂದೇ ಸದ್ದು ಬರುವಂತೆ ಎಳೆದುಕೊಂಡು ಹೋದಳು.

ಒಂದೇ ಮನೆ, ಎರಡು ಒಲೆ. ಪಾಲಾದಾಗ ಬೀದಿಗೆ ತೆರೆದುಕೊಂಡ ಬೆಳಕಿನ ಕೋಣೆ ಮೈದುನನ ಸೈಕಲ್ ಅಂಗಡಿಗೆ ಹೋಯಿತು. ಹಿರಿಸೊಸೆಗೆ ಸಿಕ್ಕಿದ್ದು ನಡುಮಧ್ಯಾಹ್ನವೂ ದೀಪ ಹಾಕಿಯೇ ಸೂಜಿಗೆ ದಾರ ಪೋಣಿಸಬೇಕಾದ ಹಿಂದಿನ ಕೋಣೆ. ಗಂಡ ಲಾರಿ ಹತ್ತಿ ಹೋದರೆ ಇಪ್ಪತ್ತು ದಿನ ಪತ್ತೆಯಿರುತ್ತಿರಲಿಲ್ಲ. ಅವಳ ಪರವಾಗಿ ಜಗಳವಾಡುವವರು ಯಾರೂ ಇರಲಿಲ್ಲ. ಆದ್ದರಿಂದ ತನ್ನ ಜಗಳವನ್ನು ತಾನೇ ಆಡುವುದನ್ನು ಕಲಿತಿದ್ದಳು.

ಚಡ್ಡಿಯನ್ನು ಒಳಮಗ್ಗುಲಿಗೆ ತಿರುಗಿಸಿ ದೀಪದ ಕೆಳಗೆ ಹಿಡಿದಳು. ಇಪ್ಪತ್ತೆರಡು ವರ್ಷ ಹೊಲಿದವಳಿಗೆ ಸವೆದ ಬಟ್ಟೆ ಬಾಯಿಬಿಟ್ಟು ಮಾತಾಡುತ್ತದೆ. ಯಾರು ಒಂದೇ ಹೆಗಲಿಗೆ ಚೀಲ ಹಾಕುತ್ತಾರೆ, ಯಾರು ಮೊಣಕೈ ಊರಿ ಕೂರುತ್ತಾರೆ, ಎಲ್ಲ ಗೊತ್ತಾಗುತ್ತದೆ. ಇಲ್ಲಿ ಬಲಗಡೆ ಬಟ್ಟೆ ಹೊಸತರಂತಿತ್ತು. ಎಡಗಡೆ ಒಂದು ರೂಪಾಯಿಯಗಲ ಜರಡಿಯಾಗಿತ್ತು. ಹುಡುಗಿ ಕೂತಲ್ಲಿ ಕೂರುತ್ತಿಲ್ಲ, ಪ್ರತಿ ತುಳಿತಕ್ಕೂ ಎಡಕ್ಕೆ ಜಾರಿ ಪೆಡಲನ್ನು ಹುಡುಕುತ್ತಿದ್ದಾಳೆ.

ಇದು ಅವಳಿಗೆ ಮೊದಲ ಸಲವೇ ಹೊಳೆದಿತ್ತು. ಹೇಳಲಿಲ್ಲ. ಎರಡನೆಯ ಸಲ ಇನ್ನೂ ಸ್ಪಷ್ಟವಾಗಿತ್ತು. ಆಗಲೂ ಹೇಳದೆ, 'ಅವರ ಮಗಳು, ಅವರ ಪಾಡು' ಎಂದುಕೊಂಡು ಪದರ ಹಾಕಿ ಕೊಟ್ಟಿದ್ದಳು. ಹಾಗೆ ಅಂದುಕೊಂಡಾಗ ಮನಸ್ಸಿಗೆ ಒಂದು ಬಗೆಯ ತಂಪೂ ಆಗಿತ್ತು. ಆ ತಂಪಿನ ನೆನಪೇ ಈಗ ಅವಳನ್ನು ಕುಟುಕಿತು.

ಸಂಜೆ ಹುಡುಗಿಯೇ ಚಡ್ಡಿ ಕೇಳಲು ಬಂದಳು. ಹದಿನಾಲ್ಕು ವರ್ಷ, ಮನೆಯವರೆಲ್ಲ ಗುಬ್ಬಿ ಎಂದೇ ಕರೆಯುವುದು. ಇನ್ನು ಮೂರು ವಾರಕ್ಕೆ ಸೈಕಲ್ ತಂಡದ ಆಯ್ಕೆಯ ಓಟ.

"ಕೂತ್ಕೋ."

"ಬೇಡ ದೊಡ್ಡಮ್ಮ, ನಿಂತೇ ಇರ್ತೀನಿ."

ಹಿರಿಸೊಸೆ ಬೇಕೆಂದೇ ಗುಂಡುಸೂಜಿಯ ಡಬ್ಬಿಯನ್ನು ಕೆಳಗೆ ಬೀಳಿಸಿದಳು. "ಆರಿಸಿಕೊಡು."

ಗುಬ್ಬಿ ಬಗ್ಗಿದಳು. ಬಲಗಾಲು ಮಡಚಿಕೊಂಡಿತು, ಎಡಗಾಲು ಕೋಲಿನಂತೆ ಪಕ್ಕಕ್ಕೆ ಚಾಚಿಕೊಂಡಿತು. ಹಿರಿಸೊಸೆ ಅವಳ ಮಂಡಿಯ ಹಿಂಬದಿಗೆ ಕೈ ಹಾಕಿದಳು. ಹುಡುಗಿ ಹೌಹಾರಿ ಕೈ ತಳ್ಳಿದಳು. ಅಲ್ಲಿ ಬಿಸಿಯಾಗಿ ಊದಿತ್ತು.

"ಎಷ್ಟು ದಿನದಿಂದ?"

"ಅಪ್ಪ ಒಗ್ಗುತ್ತೆ ಅಂದ್ರು. ಮೊದಲು ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಇತ್ತು, ಹೋದ ವಾರದಿಂದ ನಲವತ್ತೈದು. ನೀವು ಹೇಳಬೇಡಿ ದೊಡ್ಡಮ್ಮ, ನನ್ನನ್ನ ಓಟದಿಂದ ತೆಗೆದುಬಿಡ್ತಾರೆ."

"ಸೈಕಲ್ ಅಂಗಳಕ್ಕೆ ತಾ."

ಅದು ಮೈದುನನೇ ಒಂದು ಕಾಲದಲ್ಲಿ ಓಡಿಸಿದ ಸೈಕಲ್ಲು. ಸೀಟಿನ ಕಂಬಿಯ ಮೇಲೆ ಅವನೇ ಬಳಿದ ಕೆಂಪು ಬಣ್ಣದ ಗೆರೆ. ತಾನು ಕಪ್ಪು ಗೆದ್ದಾಗ ಸೀಟು ಇದ್ದ ಎತ್ತರ ಅದು. ಮಗಳು ಬೆಳೆಯುವವಳು, ಈಗಿನಿಂದಲೇ ಅಲ್ಲಿರಲಿ ಎಂದು ಬಿಗಿದಿಟ್ಟಿದ್ದ. ಹಿರಿಸೊಸೆ ಸೈಕಲ್ಲನ್ನು ಗೋಡೆಗೆ ಒರಗಿಸಿ ಹುಡುಗಿಯನ್ನು ಸೀಟಿನ ಮೇಲೆ ಕೂರಿಸಿದಳು. ಪೆಡಲನ್ನು ತೀರಾ ಕೆಳಕ್ಕೆ ಇಳಿಸಿ, "ಹಿಮ್ಮಡಿ ಇಡು" ಎಂದಳು. ಸೊಂಟ ನೆಟ್ಟಗಿದ್ದು, ಕಾಲು ಪೂರ್ತಿ ನೀಡಿದಾಗ ಹಿಮ್ಮಡಿ ಪೆಡಲಿಗೆ ತಾಗಬೇಕು. ಗುಬ್ಬಿಯ ಹಿಮ್ಮಡಿ ಮೂರು ಬೆರಳು ಮೇಲೆಯೇ ತೂಗಾಡಿತು. ಮುಟ್ಟಿಸಹೋದರೆ ಸೊಂಟ ಎಡಕ್ಕೆ ಕುಸಿಯಿತು.

"ಏನು ಅತ್ತಿಗೆ, ನನ್ನ ಅಂಗಡಿ ಹಿಂದೆ ಇನ್ನೊಂದು ಅಂಗಡಿ ತೆಗೆದ್ರಾ?" ಮೈದುನ ಎಣ್ಣೆಗೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದ. ಹಿಂದೆಯೇ ಕಿರಿಸೊಸೆ.

"ಈ ಸೀಟು ನಿನ್ನ ಅಳತೇದು. ಇವಳ ಮಂಡಿ ಊದಿದೆ."

"ಬೆಳೆಯೋ ಮಕ್ಕಳಿಗೆ ಪ್ಯಾಂಟು ಉದ್ದ ಹೊಲಿಸಲ್ವಾ? ಹಾಗೇ ಇದು."

"ಉದ್ದ ಆದ್ರೆ ಪ್ಯಾಂಟಿನ ತುದಿ ಮಡಚಿ ಹೊಲೀತೀನಪ್ಪ. ಕಾಲನ್ನ ಎಳೆದು ಹೊಲಿಯೋಕೆ ನನಗೆ ಬರಲ್ಲ, ನಿನಗೆ ಬರುತ್ತಾ?"

ಮೈದುನನ ಕುತ್ತಿಗೆ ಕೆಂಪಗಾಯಿತು. "ನೋವಿಲ್ಲದೆ ಯಾವನು ಗೆದ್ದಿದ್ದಾನೆ? ನಾನೂ ನೋವು ತಿಂದೇ ಓಡಿಸ್ದೆ."

"ತಿಂದೆ. ಅದಕ್ಕೇ ಮೂವತ್ತಕ್ಕೆ ಬಿಟ್ಟೆ. ಈಗ ಮೆಟ್ಟಿಲು ಇಳಿಯುವಾಗ ಕಂಬ ಹಿಡ್ಕೊಳ್ಳೋದು ನಮಗೆ ಕಾಣಲ್ಲ ಅಂದ್ಕೊಂಡಿದೀಯಾ?"

ಯಾರೂ ಆಡಬಾರದ ಮಾತು ಅದು. ಕಿರಿಸೊಸೆ ಮುಂದೆ ನುಗ್ಗಿ ಬಂದಳು. "ಬಾಯಿಗೆ ಬಂದಂಗೆ ಮಾತಾಡ್ಬೇಡಿ ಅಕ್ಕ! ನಮ್ಮ ಹುಡುಗಿ ಆಯ್ಕೆ ಆಗ್ಬಿಟ್ರೆ ಅಂತ ನಿಮಗೆ ಹೊಟ್ಟೆಕಿಚ್ಚು. ಅಷ್ಟು ಗೊತ್ತಿದ್ದೋರು ಎರಡು ಸಲ ಯಾಕೆ ಬಾಯಿ ಮುಚ್ಕೊಂಡು ಹೊಲಿದು ಕೊಟ್ರಿ?"

ಉತ್ತರ ಹಿರಿಸೊಸೆಗೆ ಗೊತ್ತಿತ್ತು. ನುಂಗಿಬಿಡಬಹುದಿತ್ತು. ನುಂಗಿದರೆ ನಾಳೆ ಈ ಹುಡುಗಿ ಮತ್ತೆ ನಲವತ್ತೈದು ಕಿಲೋಮೀಟರ್ ತುಳಿಯುತ್ತಾಳೆ.

"ನಿನ್ನ ಮೇಲಿನ ಸಿಟ್ಟಿಗೆ" ಎಂದಳು. "ಅನುಭವಿಸ್ಲಿ ಅಂತ ಸುಮ್ನಿದ್ದೆ. ಸಾಕಾ? ಈಗ ನನ್ನನ್ನ ಏನು ಬೇಕಾದ್ರೂ ಬೈಯಿ. ಅವಳ ಮಂಡಿ ಹಿಂದೆ ಒಂದ್ಸಲ ಕೈ ಇಟ್ಟು, ಆಮೇಲೆ ಬೈಯಿ."

ಕಿರಿಸೊಸೆ ಮಗಳ ಹತ್ತಿರ ಹೋದಳು. ಗುಬ್ಬಿ ಕಾಲು ಹಿಂದಕ್ಕೆಳೆದುಕೊಂಡಳು. ತಾಯಿ ಬಿಡದೆ ಹಿಡಿದು ಮುಟ್ಟಿದಳು. ಮುಟ್ಟಿದ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ನಂತರ ಎದ್ದು ಅಂಗಡಿಯೊಳಗೆ ಹೋಗಿ ಸೀಟಿನ ಬೋಲ್ಟು ಸಡಿಲಿಸುವ ಅಲೆನ್ ಕೀ ತಂದಳು.

"ಏಯ್, ಅದನ್ನ ಮುಟ್ಟಿದ್ರೆ ಇವತ್ತಿಗೆ ಮುಗೀತು. ನಾನಂತೂ ಇವಳಿಗೆ ಕಲಿಸಲ್ಲ" ಎಂದ ಮೈದುನ.

"ಕಲಿಸ್ಬೇಡಿ."

"ಅಮ್ಮಾ, ಬೇಡ! ಓಟ ಹೋಗುತ್ತೆ!" ಗುಬ್ಬಿ ಜೋರಾಗಿ ಅಳತೊಡಗಿದಳು. ತಿರುಗಿ ಹಿರಿಸೊಸೆಯನ್ನು ನೋಡಿದ ಕಣ್ಣಲ್ಲಿ ಇದ್ದದ್ದು ಬರೀ ದ್ವೇಷ. "ಹೇಳಬೇಡಿ ಅಂದಿದ್ನಲ್ಲ. ನೀವು ನನ್ನ ಜೊತೆ ಇನ್ಮೇಲೆ ಮಾತಾಡ್ಬೇಡಿ."

"ಆಯ್ತು" ಎಂದಳು ಹಿರಿಸೊಸೆ. "ಊತ ಇಳಿಯೋವರೆಗೂ ತುಳೀಬೇಡ. ಡಾಕ್ಟರು ಹೂಂ ಅಂದ್ಮೇಲೆ ಹತ್ತು ಕಿಲೋಮೀಟರಿಂದ ಶುರು ಮಾಡು, ಒಂದೇ ಸಲ ಹಾರಬೇಡ. ಇಷ್ಟು ಹೇಳಿ ಮಾತು ನಿಲ್ಲಿಸ್ತೀನಿ."

ಕಿರಿಸೊಸೆ ಬೋಲ್ಟಿಗೆ ಕೀ ಕೊಟ್ಟು ತಿರುಗಿಸಿದಳು. ಅದು ಜಗ್ಗಲಿಲ್ಲ. ಸೈಕಲ್ಲು ವಾಲಿತು. ಮೈದುನ ಕೈಕಟ್ಟಿ ನಿಂತೇ ಇದ್ದ.

"ಸಿಟ್ಟು ತೀರಿಸ್ಕೊಂಡಿದ್ದಾಯ್ತಲ್ಲ" ಎಂದಳು ಕಿರಿಸೊಸೆ, ತಲೆಯೆತ್ತದೆ. "ನಾನು ಸಾಯೋವರೆಗೂ ಇದನ್ನ ಮರೆಯಲ್ಲ. ಈಗ ಬಂದು ಹ್ಯಾಂಡಲ್ ಹಿಡ್ಕೊಳ್ಳಿ."

ಹಿರಿಸೊಸೆ ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಅವುಚಿ, ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದಳು. ಕಿರಿಸೊಸೆ ಇಡೀ ಮೈಭಾರ ಬಿಟ್ಟು ಕೀಯನ್ನು ಒತ್ತಿದಳು.