ಮೂರು ಪೆಟ್ಟಿನ ನಂತರ

ರಾಜಧಾನಿ ಅಕ್ರಾದ, ಹಾಡುಗಳ ಹಕ್ಕು ನೋಡುವ ಕಚೇರಿಯಿಂದ ಬಂದಿದ್ದ ಕ್ವಾರ್ಶಿ ತಮ್ಮ ಕಾಗದವನ್ನು ಅಜ್ಜಿಯ ಮುಂದೆ ಹಿಡಿದರು. 'ರಚಿಸಿದವರು' ಎಂಬಲ್ಲಿ 'ತಿಳಿದಿಲ್ಲ, ಜನಪದ' ಎಂದು ಆಗಲೇ ಬರೆದಾಗಿತ್ತು.

"ಫುಫು ಮುದ್ದೆ ಕುಟ್ಟುವಾಗ ಎಲ್ಲರ ಮನೇಲೂ ಹಾಡ್ತಾರಮ್ಮ. ಇದು ನಿಮ್ಮ ತಾಯೀದೇ ಅಂತ ಹೇಗೆ ಬರೆಯೋದು?"

ಅರವತ್ತು ವರ್ಷಗಳ ಹಿಂದೆ ಬಿಳಿಯನೊಬ್ಬ ಧ್ವನಿಮುದ್ರಣದ ಯಂತ್ರ ಹೊತ್ತು ಕುಮಾಸಿಯ ಈ ಅಂಗಳಕ್ಕೆ ಬಂದು, ಯಾ ಬಿರಾಗೊ ಎಂಬ ನನ್ನ ಮುತ್ತಜ್ಜಿಯ ಹಾಡನ್ನು ತುಂಬಿಕೊಂಡು ಹೋಗಿದ್ದ. ಆಮೇಲೆ ಅದು ಯಾರ್ಯಾರದೋ ಹೆಸರಿನಲ್ಲಿ ಲೋಕ ಸುತ್ತಿತು. ನಾನು ಓದಿದ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲೂ ಕೇಳಿಬರುತ್ತಿತ್ತು. ಮೂರು ಪೆಟ್ಟಾದ ಮೇಲೆ ವಾದ್ಯಗಳೆಲ್ಲ ತಟ್ಟನೆ ನಿಲ್ಲುತ್ತವೆ. ಆ ಮೌನಕ್ಕಾಗಿಯೇ ಗೆಳತಿಯರು ಅದನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಅದು ನಮ್ಮದೆಂದು ನಾನು ಒಮ್ಮೆಯೂ ಹೇಳಲಿಲ್ಲ.

ಅಜ್ಜಿ ಸುಮ್ಮನಿರುವವಳಲ್ಲ.

"ಪೊಕುವಾ, ಒನಕೆ ತಗೋ," ಎಂದಳು ನನಗೆ. ಆಮೇಲೆ ಕ್ವಾರ್ಶಿಯವರತ್ತ ತಿರುಗಿ, "ನೀನು ಕೈ ತೊಳ್ಕೊಂಡು ಒರಳ ಹತ್ರ ಕೂತ್ಕೊಳಪ್ಪ. ಹೆದರ್ಬೇಡ, ಬೆರಳು ಹೋದ್ರೆ ಬರೆಯೋ ಕೆಲಸ ತಪ್ಪತ್ತೆ ಅಷ್ಟೆ."

ಒರಳಲ್ಲಿ ಬೆಂದ ಮರಗೆಣಸು, ಬಾಳೆಕಾಯಿ. ನಾನು ಕುಟ್ಟಿದೆ. ಕ್ವಾರ್ಶಿಯವರದು ಪಳಗಿದ ಕೈ; ಒನಕೆ ಮೇಲೆದ್ದಾಗಲೆಲ್ಲ ಮುದ್ದೆಯನ್ನು ಚಕ್ಕನೆ ಮಗುಚಿ ಹೊರಬರುತ್ತಿತ್ತು.

"ಎಲ್ಲರ ಮನೇಲೂ ಹೀಗೇ," ಎಂದಳು ಅಜ್ಜಿ. "ಈಗ ಹಾಡಿಗೆ ಕುಟ್ಟು."

ಅವಳು ಹಾಡಿದಳು. ಮೂರು ಪೆಟ್ಟು. ಹಾಡು ನಿಂತಿತು. ಕ್ವಾರ್ಶಿ ಮುದ್ದೆ ಮಗುಚಿ ಕೈ ತೆಗೆದು ಕಾದರು. ಎತ್ತಿ ಹಿಡಿದ ಒನಕೆಯ ಭಾರಕ್ಕೆ ನನ್ನ ತೋಳು ನಡುಗತೊಡಗಿತು.

"ನಂದಾಯ್ತು, ಕುಟ್ಟಮ್ಮ."

"ಕುಟ್ಟಬೇಡ," ಎಂದಳು ಅಜ್ಜಿ.

"ಇಷ್ಟು ಹೊತ್ತು ಯಾರಮ್ಮ ಕಾಯ್ತಾರೆ?"

"ನಾನು ಕಾಯ್ತಿದ್ದೆ. ಅಮ್ಮನ ಬಲಗೈಗೆ ಹುಟ್ಟಿದಾಗಿಂದ ಎರಡೇ ಬೆರಳು. ಎಡಗೈ ಹಾಕಿದ್ರೆ ಯಾರು ತಿಂತಾರೆ? ಮುದ್ದೆ ಮಗುಚೋಕೆ ಅವಳಿಗೆ ಇಷ್ಟು ಹೊತ್ತು ಬೇಕಿತ್ತು. ನಾನು ಸಣ್ಣವಳು, ಅವಸರದಲ್ಲಿ ಕುಟ್ಟಿಬಿಡ್ತೀನಿ ಅಂತ ಈ ಹಾಡು ಕಟ್ಟಿದ್ಲು. ಇನ್ಯಾರ ಮನೆ ಹಾಡು ಹೀಗೆ ಕಾಯತ್ತೆ? ಹೋಗು, ಊರೆಲ್ಲ ಕೇಳ್ಕೊಂಡು ಬಾ."

ಆ ಮೌನವನ್ನು ನಾನು ನೂರಾರು ಸಲ ಕೇಳಿದ್ದೆ. ಅದರೊಳಗೆ ಒಂದು ಕೈ ಇದೆಯೆಂದು ಗೊತ್ತಿರಲಿಲ್ಲ.

ಕ್ವಾರ್ಶಿ ಪೆನ್ನು ತೆಗೆಯಲು ಹೋದರೆ ಬೆರಳೆಲ್ಲ ಅಂಟು. "ನೀನೇ ಬರಿಯಮ್ಮ. ಆಮೇಲೆ ನಾನು ಸಹಿ ಹಾಕ್ತೀನಿ."

ನಾನು 'ತಿಳಿದಿಲ್ಲ, ಜನಪದ' ಎಂಬುದನ್ನು ಹೊಡೆದುಹಾಕಿ, ದೊಡ್ಡ ಅಕ್ಷರಗಳಲ್ಲಿ ಯಾ ಬಿರಾಗೊ ಎಂದು ಬರೆದೆ.

"ಮೇಲಿನವರೂ ಒಪ್ಪಬೇಕಲ್ಲ, ಅಮ್ಮ," ಎಂದರು ಕ್ವಾರ್ಶಿ.

"ಒಪ್ಪದಿದ್ರೆ ಅವರನ್ನೂ ಕರ್ಕೊಂಡು ಬಾ," ಅಜ್ಜಿ ಒರಳನ್ನು ತನ್ನತ್ತ ಎಳೆದುಕೊಂಡಳು. "ಕೈ ತೊಳ್ಕೊಂಡು ಬರೋಕೆ ಹೇಳು."