ಕಾನ್ಪುರಕ್ಕೆ ಹೋಗಿ ಬಂದ ಮಣ್ಣು

ಮಣ್ಣು ಅನ್ನುವ ಮಾತನ್ನು ಹುಟ್ಟಿದಾಗಿನಿಂದ ಆಡಿದ್ದೇನೆ. ಅದರ ಬಗ್ಗೆ ಯೋಚಿಸಿದ್ದು ಮಾತ್ರ ಎಪ್ಪತ್ತೆಂಟನೇ ಇಸವಿಯಲ್ಲಿ, ಕಾನ್ಪುರದಿಂದ ಬರುವ ರೈಲಿನಲ್ಲಿ. ನಮ್ಮ ನೊಣವಿನಕೆರೆ ಕಡೆ ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು ತಂದು ತೆಂಗಿನ ಬುಡಕ್ಕೆ ಹಾಕಿದರೆ ಅದು ಮಣ್ಣು ಹೊಡೆಯುವುದು. ಯಾರಾದರೂ ಸತ್ತಾಗ ಹೂಳಲು ಹೋದರೆ ಅದು ಮಣ್ಣಿಗೆ ಹೋಗುವುದು. ಬೆಳಿಗ್ಗೆ ಅದು, ಮಧ್ಯಾಹ್ನ ಇದು, ಒಂದೇ ದಿನ ಎರಡೂ ಮಾಡಿ ಬಂದು ಉಂಡು ಮಲಗಿದವನು ನಾನು.

ಅಣ್ಣ ತೋಂಟದಾರ್ಯ ಕಾನ್ಪುರದ ಕೊಬ್ಬರಿ ಮಂಡಿಯೊಂದರಲ್ಲಿ ಹತ್ತು ವರ್ಷ ದುಡಿದ. ತೀರಿಕೊಂಡನೆಂದು ತಂತಿ ಬಂತು. ಅವ್ವ ಸಿದ್ದಗಂಗಮ್ಮ ಅಳಲಿಲ್ಲ. ತೋಟಕ್ಕೆ ಹೋಗಿ, ಅವನು ನೆಟ್ಟ ತೆಂಗಿನ ಬುಡದಿಂದ ಮೂರು ಹಿಡಿ ಮಣ್ಣು ಬಗೆದು ಚೀಲಕ್ಕೆ ಕಟ್ಟಿಕೊಟ್ಟಳು. ನಮ್ಮಲ್ಲಿ ಹೂಳುತ್ತಾರೆ, ರಕ್ತ ಹಂಚಿಕೊಂಡವರ ಮೂರು ಹಿಡಿ ಬೀಳದಿದ್ದರೆ ಸತ್ತವನಿಗೆ ನೆಲೆಯಿಲ್ಲ ಅನ್ನುವುದು ಅವಳ ನಂಬಿಕೆ. ಹಾಕಿಯೇ ಬರುತ್ತೇನೆಂದು ಅವಳ ಕೈ ಮುಟ್ಟಿ ಹೇಳಿದೆ.

ತಲುಪಿದ್ದು ನಾಲ್ಕನೇ ದಿನ. ಅಷ್ಟರಲ್ಲಿ ಮಂಡಿಯವರು ಅವನನ್ನು ಸುಟ್ಟು, ಬೂದಿಯನ್ನು ಗಂಗೆಗೆ ಬಿಟ್ಟಾಗಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಯಾರನ್ನು ಕೇಳಿ ಸುಟ್ಟಿರಿ ಅಂತ ಕನ್ನಡದಲ್ಲೇ ಕೂಗಾಡಿದೆ. ಮುದುಕ ಹಮಾಲಿಯೊಬ್ಬ ನನ್ನ ಕೈ ಹಿಡಿದುಕೊಂಡ. ಮಿಟ್ಟಿಯನ್ನು ಎಷ್ಟು ದಿನ ಇಟ್ಟುಕೊಳ್ಳುವುದು ಅಂದ. ಅವರಲ್ಲಿ ಮಣ್ಣಿಗೂ ಮಿಟ್ಟಿ, ಹೆಣಕ್ಕೂ ಮಿಟ್ಟಿ. ಊರಿನದು ಏನಾದರೂ ಜೊತೆಗಿರಲಿ ಅಂತ ತಿಪಟೂರಿನ ಮೂಟೆಯಿಂದಲೇ ಒಂದು ಉಂಡೆ ಕೊಬ್ಬರಿ ಆರಿಸಿ, ತುಪ್ಪ ತುಂಬಿ ಚಿತೆಗೆ ಇಟ್ಟರಂತೆ. ನನ್ನ ಮುರುಕು ಹಿಂದಿಗೆ ಇಷ್ಟು ತಿಳಿಯಿತು. ಅಲ್ಲೇ ಅತ್ತುಬಿಟ್ಟೆ.

ದಾರಿಯುದ್ದಕ್ಕೂ ಚೀಲ ನನ್ನ ತೊಡೆಯ ಮೇಲಿತ್ತು. ಗಂಗೆಗೆ ಸುರಿಯಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಮಣ್ಣು ಅವರಿಗೆ ಹೆಣವೇ, ನಮಗೆ ಹೆಣಕ್ಕೆ ಕೊಡುವ ಕೊನೆಯದು, ತೆಂಗಿಗೆ ಊಟ. ಮೊದಲು ಈ ಮಾತನ್ನು ಆಡಿದವನು ಬಿತ್ತುತ್ತಿದ್ದನೋ, ಹೂಳುತ್ತಿದ್ದನೋ, ಯಾರಿಗೆ ಗೊತ್ತು. ಹಾಕಿದೆ ಅಂತ ಸುಳ್ಳು ಹೇಳುವುದೆಂದು ಗಟ್ಟಿ ಮಾಡಿಕೊಂಡು ತಿಪಟೂರಿನಲ್ಲಿ ಬಸ್ಸು ಹತ್ತಿದೆ.

ಅವ್ವ ಜಗಲಿಯ ಮೇಲೆ ಕಾಯುತ್ತಿದ್ದಳು.

"ಹಾಕ್ದೇನಪ್ಪ?"

ಸುಳ್ಳು ನಾಲಿಗೆಗೆ ಬರಲಿಲ್ಲ. ಚೀಲವನ್ನು ಅವಳ ಮಡಿಲಿಗಿಟ್ಟು ನಡೆದದ್ದೆಲ್ಲ ಹೇಳಿದೆ. ಅವಳು ಗಂಟು ಬಿಚ್ಚಿ ಮಣ್ಣಿನಲ್ಲಿ ಬೆರಳಾಡಿಸಿದಳು. ತಂದಲ್ಲಿಗೇ ಹಾಕಿಬಿಡಲೇ ಎಂದು ಕೇಳಿದೆ.

"ಬ್ಯಾಡ, ಇಟ್ಟಿರು. ನನ್ನ ಮಣ್ಣಿಗೆ ಬೇಕಾಯ್ತದೆ. ನಿನ್ನ ಮೂರು ಹಿಡಿ ನೀನು ಹಾಕು. ಇದು ಅವನು ಹಾಕ್ಬೇಕಾಗಿದ್ದು ಕಣಪ್ಪ."

ಚೀಲವನ್ನು ಅಟ್ಟದಲ್ಲಿ ಕಾಯಿಗಳ ಪಕ್ಕ ಇಟ್ಟೆ. ಇಳಿಸಿದ್ದು ಎಂಬತ್ತಮೂರರ ಶ್ರಾವಣದಲ್ಲಿ, ಅವ್ವನ ಮಣ್ಣಿನ ದಿನ. ಅಣ್ಣ ಹಿರಿಯನಲ್ಲವೇ, ಮೊದಲು ಅವನದು ಹಾಕಿ, ಆಮೇಲೆ ನನ್ನದು ಹಾಕಿದೆ.