ಗಿರಣಿ ಯಮನೂರಪ್ಪನ ಉಸಿರಾರತಿ

ಕೆಮ್ಮು ಬಂದಾಗ ಜನ ಎದೆ ಹಿಡಿದುಕೊಳ್ಳುತ್ತಾರೆ, ನೀರು ಕೇಳುತ್ತಾರೆ, ಇಲ್ಲವೆ ಟವೆಲ್ಲಿನ ಮರೆಗೆ ಸರಿಯುತ್ತಾರೆ. ಯಮನೂರಪ್ಪ ಮಾತ್ರ ಎಡಕ್ಕೆ ತಿರುಗಿ ತನ್ನ ಟೇಪ್‌ರೆಕಾರ್ಡರನ್ನು ದುರುಗುಟ್ಟಿ ನೋಡುತ್ತಿದ್ದ. ಕೆಮ್ಮಿದ್ದು ಅದೇ ಎಂಬಂತೆ! ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಸ್ಕಿಯಲ್ಲಿ ಹೈಸ್ಕೂಲು ಮಾಸ್ತರನಾಗಿದ್ದೆ. ಅವನ ಹಿಟ್ಟಿನ ಗಿರಣಿಗೂ ನನ್ನ ಬಾಡಿಗೆ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯಾಚೆಯಿಂದ ಹಗಲೆಲ್ಲ ಗಿರಣಿಯ ಗಡಗಡ, ಕರೆಂಟು ಹೋದಾಗ ಅವನ ಹಾಡು, ಹಾಡಿನ ಬೆನ್ನಿಗೆ ಕೆಮ್ಮು, ಕೆಮ್ಮಿನ ಬೆನ್ನಿಗೆ ಯಂತ್ರಕ್ಕೆ ಬೈಗುಳ, ಇವಿಷ್ಟೂ ತಪ್ಪದೆ ಕೇಳಿಸುತ್ತಿದ್ದವು.

ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲವೂ ಜೋಳದ ಹಿಟ್ಟಿನಿಂದ ಬೆಳ್ಳಗಾಗಿ, ಐವತ್ತು ತುಂಬದ ಆ ಮನುಷ್ಯ ಮುಪ್ಪಾನುಮುದುಕನಂತೆ ಕಾಣುತ್ತಿದ್ದ. ಸೋಮವಾರ ಗಿರಣಿಗೆ ಬಿಡುವು ಕೊಟ್ಟು, ಮಿಂದು, ವಿಭೂತಿ ಧರಿಸಿ ಮಠಕ್ಕೆ ಹೊರಟನೆಂದರೆ ಅದೇ ಬಾಗಿಲಿನಿಂದ ಕಪ್ಪು ಮೀಸೆಯ ಬೇರೊಬ್ಬ ಗೃಹಸ್ಥ ಹೊರಬಂದಂತಾಗುತ್ತಿತ್ತು. ನಮ್ಮಂಥವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಅವನು ಸ್ಕ್ರೂಡ್ರೈವರು ಸಿಕ್ಕಿಸುತ್ತಿದ್ದ. ಹೆಂಗಸರು ಕೂಸನ್ನು ಎತ್ತಿಕೊಂಡ ಹಾಗೆ ರೆಕಾರ್ಡರನ್ನು ಎಡ ಬಗಲಿಗೆ ಇಟ್ಟುಕೊಂಡು ತಿರುಗಿ ತಿರುಗಿ ಅವನ ನಡಿಗೆಯೇ ಎಡಕ್ಕೆ ವಾಲಿಬಿಟ್ಟಿತ್ತು. ಬರಿಗೈಯಲ್ಲಿ ಹೊರಟಾಗಲೂ ವಾಲಿಕೊಂಡೇ ಹೋಗುತ್ತಿದ್ದ.

ಆ ಯಂತ್ರದ ಗೀಳು ಅವನಿಗೆ ಹತ್ತಿದ್ದು ಮೋಜಿಗಲ್ಲ. ಊರ ಮಠದಲ್ಲಿ ಒಂದು ಪದ್ಧತಿ ಇತ್ತು. ಶ್ರಾವಣದ ಕಡೆಯ ಸೋಮವಾರ ಮುಂಜಾನೆ, ಮಂಗಳಾರತಿಯ ಪದ ಮುಗಿಯುವಾಗ ಹಾಡುವವನು ‘ಶಿವಾ’ ಎಂಬ ಕೊನೆಯ ಸೊಲ್ಲನ್ನು ಒಂದೇ ಉಸಿರಿನಲ್ಲಿ ಹಿಡಿದು ನಿಲ್ಲಬೇಕು; ಆರತಿ ಹಿಡಿದವನು ಗದ್ದುಗೆಯ ಸುತ್ತ ಒಂದು ಸುತ್ತು ಬಂದು ಮತ್ತೆ ಎದುರಿಗೆ ನಿಲ್ಲುವ ತನಕ ಆ ಸೊಲ್ಲು ಕಡಿಯಕೂಡದು. ಇದಕ್ಕೆ ಉಸಿರಾರತಿ ಎಂದು ಹೆಸರು. ಕಡಿದರೆ ಆರತಿ ಇದ್ದಲ್ಲೇ ನಿಂತುಬಿಡುತ್ತದೆ, ಹಾಡುವ ಹಕ್ಕು ಬೇರೆ ಮನೆಗೆ ಹೋಗುತ್ತದೆ. ಯಮನೂರಪ್ಪನ ಮನೆತನಕ್ಕೆ ಅದು ಅಜ್ಜನ ಕಾಲದಿಂದ ಬಂದದ್ದು. ಅವನ ಅಪ್ಪನ ದಮ್ಮನ್ನು ಪರೀಕ್ಷಿಸಲೆಂದು ಆರತಿಯವನು ಒಮ್ಮೆ ಬೇಕೆಂದೇ ಇರುವೆಯ ಹಾಗೆ ನಡೆದು, ಕೊನೆಗೆ ತಾನೇ ಬೇಸತ್ತು ಸೋತನೆಂದು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಬೀಸಲು ಬಂದ ಹೆಂಗಸರೂ ಇವನನ್ನು ಬಿಡುತ್ತಿರಲಿಲ್ಲ: “ಯಮನೂರಣ್ಣಾ, ಹಿಟ್ಟು ಸಣ್ಣಗ ಬರ್ಲಿ, ಹಾಡು ಉದ್ದಕ ಬರ್ಲಿ!”

ಆದರೆ ಹಿಟ್ಟು ಮನುಷ್ಯನ ಕುಲಗೋತ್ರ ವಿಚಾರಿಸುವುದಿಲ್ಲ. ಮೂಗಿದ್ದವನ ಒಳಗೆಲ್ಲ ಇಳಿಯುತ್ತದೆ. ಜೋಳದ ಹಿಟ್ಟಿನ ಜೊತೆಗೆ ಬೇಸಿಗೆಯಲ್ಲಿ ಒಣಮೆಣಸಿನಕಾಯಿಯ ಖಾರದ ಘಾಟು ಬೇರೆ. ಅವನ ಸೊಲ್ಲು ವರ್ಷದಿಂದ ವರ್ಷಕ್ಕೆ ಮೊಟಕಾಗುತ್ತಿತ್ತು. ಆರತಿ ಹಿಡಿಯುವ ಶಿವಶರಣಪ್ಪ ಸುಸ್ವಭಾವದವನು. ಬಾಯಿ ಬಿಟ್ಟು ಏನೂ ಹೇಳದೆ ಎರಡು ಶ್ರಾವಣ ಬಿರಬಿರನೆ ಸುತ್ತು ಹಾಕಿ ಗೆಳೆಯನ ಮಾನ ಕಾದ. ಆದರೆ ಊರಿಗೆ ಕಣ್ಣಿಲ್ಲವೇ? “ಗಿರಣಿ ಬೆಲ್ಟು ಜಾರಾಕತ್ತೈತಿ” ಎಂದು ಕಟ್ಟೆಯ ಮೇಲೆ ಯಾರೋ ನಕ್ಕಿದ್ದು ಯಮನೂರಪ್ಪನ ಕಿವಿಗೆ ಬಿತ್ತು. ಮರುದಿನವೇ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ, ಬಸ್‌ಸ್ಟ್ಯಾಂಡಿನೆದುರು ರೇಡಿಯೋ ದುರಸ್ತಿಯ ಅಂಗಡಿಯಿಟ್ಟಿದ್ದ ಇಸ್ಮಾಯಿಲ್‌ಸಾಬನಿಂದ ಒಂದು ಟೇಪ್‌ರೆಕಾರ್ಡರು ತಂದ. “ಮಂದಿ ಮಾತು ಯಾಕ ಬೇಕ್ರಿ ಸರ? ಮಷೀನ ಹೇಳ್ಲಿ” ಎಂದ ನನಗೆ.

ಮಷೀನು ಹೇಳಿತು. ಇವನು ಕೇಳಬೇಕಲ್ಲ!

ತಾಲೀಮು ನೋಡುವಂತಿತ್ತು. ಕರೆಂಟು ಹೋದ ಮಧ್ಯಾಹ್ನ ರೆಕಾರ್ಡರನ್ನು ಎಡಕ್ಕೆ, ಹಿಟ್ಟಿನ ಡಬ್ಬಿಯ ಮೇಲೆ ಇಡುವನು. ಕೆಂಪು ಗುಂಡಿಯನ್ನೂ ಅದರ ಪಕ್ಕದ್ದನ್ನೂ ಒಟ್ಟಿಗೆ ಒತ್ತುವನು. ಹೆಂಡತಿ ಬಸವಣ್ಣೆಮ್ಮ ಖಾಲಿ ತಾಟೊಂದನ್ನು ಆರತಿಯಂತೆ ಹಿಡಿದು ಗಿರಣಿಯ ಸುತ್ತ ನಡೆಯುವಳು. ಸುತ್ತು ಮುಗಿಯುವ ಮೊದಲೇ ‘ಶಿವಾ’ ಕಡಿದು ಕೆಮ್ಮು ಬರುತ್ತಿತ್ತು. ಆಮೇಲೆ ಟೇಪು ಹಚ್ಚಿ, ಆಕೆಯನ್ನು ಮತ್ತೆ ಸುತ್ತು ಹಾಕಿಸಿ, ಎರಡೂ ಸರಿಹೋಗುತ್ತವೆಯೋ ನೋಡುವನು. ಹೋಗುತ್ತಿರಲಿಲ್ಲ. “ಮಷೀನ್ ಓಡಾಕತ್ತೈತಿ!” ಎಂದು ಸ್ಕ್ರೂಡ್ರೈವರು ತೆಗೆಯುತ್ತಿದ್ದ. ಯಂತ್ರವು ಹಾಡನ್ನು ಅವಸರದಲ್ಲಿ ಓಡಿಸಿ ಬೇಗ ಮುಗಿಸುತ್ತಿದೆ ಎಂಬುದು ಅವನ ಸಿದ್ಧಾಂತ. ಬಸವಣ್ಣೆಮ್ಮ ತಿಂಗಳಿಂದ ತಿಂಗಳಿಗೆ ಹೆಜ್ಜೆಯನ್ನು ಚುರುಕು ಮಾಡಿಕೊಂಡಳು, ಮೂಲೆಗಳನ್ನು ಕತ್ತರಿಸಿ ನಡೆದಳು. ಆದರೂ ಪ್ರತಿಸಲ ತಾಟಿಗಿಂತ ಮೊದಲು ಉಸಿರೇ ಮುಗಿಯುತ್ತಿತ್ತು. ಹಳೆಯದನ್ನು ಅಳಿಸಿ ಅದೇ ಕ್ಯಾಸೆಟ್ಟಿನ ಮೇಲೆ ಹೊಸದು ಹಾಡುತ್ತಿದ್ದ.

ಹಿಟ್ಟು ಕೂತು ಯಂತ್ರವೂ ಆಗಾಗ ಕೆಡುತ್ತಿದ್ದುದು ನಿಜ. ಅದೇ ಅವನ ವಾದಕ್ಕೆ ಆಧಾರ. ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಅದರ ಹೆಡ್ಡನ್ನು, ಕೂಸಿನ ಕಿವಿ ಒರೆಸಿದಷ್ಟು ಮೃದುವಾಗಿ ಒರೆಸುವನು. ಟೇಪು ಸುರುಳಿ ಬಿಚ್ಚಿ ಒಳಗೆ ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ತಿರುವುವನು. ಕರೆಂಟಿನ ಮೇಲೆ ಹಚ್ಚಿದರೆ ‘ಗುಂಯ್’ ಎನ್ನುತ್ತದೆಂದು ಸೆಲ್ಲುಗಳನ್ನೇ ನಂಬಿದ್ದ. ಕೈಗೆ ಮೀರಿದ್ದಕ್ಕೆ ಇಸ್ಮಾಯಿಲ್‌ಸಾಬನಿದ್ದ. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಸಾಬ ಬೆಲ್ಟು ಬದಲಿಸಿ, ಎಣ್ಣೆ ಬಿಟ್ಟು, ಹಚ್ಚಿ ನೋಡಿ, ಯಮನೂರಪ್ಪ ಚಹಾ ಹೇಳಲು ಹೊರಗೆ ಹೋದ ಕೂಡಲೇ ನನ್ನತ್ತ ಬಾಗಿದ: “ಇದ್ರಾಗ ಏನೂ ಖರಾಬಿ ಇಲ್ಲ ಸರ. ಖರಾಬಿ ಎಲ್ಲೈತಿ ಅಂಬೋದು ನನಗೂ ಮಾಲೂಮ್, ನಿಮಗೂ ಮಾಲೂಮ್. ಅವಗ ಹೇಳಾಕ ನನ್ನ ನಾಲಿಗಿ ಹೊಳ್ಳವಲ್ದು.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಊರು ಆಡಿಕೊಳ್ಳುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು: ಊರಿನ ಮೇಲಲ್ಲ, ಇವನ ಮೇಲೆ. ಸಿಂಧನೂರಿನ ಡಾಕ್ಟರರು ಎದೆಯ ಫೋಟೋ ತೆಗೆಸಿ, ಗಿರಣಿ ಬಿಡು, ಬಿಡಲಾಗದಿದ್ದರೆ ಖಾರ ಬೀಸುವುದನ್ನಾದರೂ ಬಿಡು, ಹಾಡಂತೂ ಬೇಡವೇ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಆ ಫೋಟೋವನ್ನು ಇವನು ಬಿಸಿಲಿಗೆ ಹಿಡಿದು, “ಅಪ್ಪಾ, ಹಿಟ್ಟಿನ ಜಲ್ಡಿ ಇದ್ದಂಗ ಐತಿ” ಎಂದು ನಕ್ಕು ತೊಲೆಗೆ ಸಿಕ್ಕಿಸಿಬಿಟ್ಟ. ಅಂದು ನಾನು ತಡೆಯಲಾರದೆ ಅಂದೇಬಿಟ್ಟೆ: “ಯಮನೂರಪ್ಪಾ, ಕೆಟ್ಟಿರೋದು ಮಷೀನಲ್ಲ, ನಿನ್ನ ಎದೆ.” ಅವನು ಸಿಟ್ಟಾಗಲಿಲ್ಲ. ರೆಕಾರ್ಡರನ್ನು ಬೋರಲು ಹಾಕಿ ಬೆನ್ನು ತೋರಿಸಿದ.

“ಇಲ್ಲಿ ನೋಡ್ರಿ ಸರ, ನಾಕು ಸ್ಕ್ರೂ ಅದಾವ. ಬಿಚ್ಚಿದ್ರ ಒಳಗಿಂದು ಕಾಣ್ತೈತಿ, ಒರಸಬೌದು, ಹೊಸಾದು ಹಾಕಬೌದು.” ಸ್ಕ್ರೂಡ್ರೈವರಿನ ತುದಿಯನ್ನು ತನ್ನ ಎದೆಯ ಮೇಲೆ ಊರಿದ. “ಇದರ ಸ್ಕ್ರೂ ಎಲ್ಲೈತಿ, ಹೇಳ್ರಿ?”



ಆ ವರ್ಷ ಶ್ರಾವಣಕ್ಕೆ ಮೊದಲು ಹೊಸ ಸೆಲ್ಲು ಹಾಕಿ ಕೊನೆಯದಾಗಿ ಒಮ್ಮೆ ಹಾಡಿದ. ಅದೇ ಮೊಟಕು ಸೊಲ್ಲು, ಅದೇ ಕೆಮ್ಮು. ಬೇಸರದಿಂದ ಕೆಲವು ದಿನ ಆ ಕ್ಯಾಸೆಟ್ಟನ್ನು ಮುಟ್ಟಲಿಲ್ಲ; ಮನೆಯವರು ಬೇರೆ ಪದಗಳನ್ನು ಹಚ್ಚಿ ಹಚ್ಚಿ ಸೆಲ್ಲುಗಳ ಕಸುವು ತೀರುತ್ತ ಬಂತು. ಆಮೇಲೊಂದು ಮಧ್ಯಾಹ್ನ ಗೋಡೆಯಾಚೆಯಿಂದ “ಸರ! ಬರ್ರಿ ಲಗೂ!” ಎಂಬ ಕೂಗು ಕೇಳಿ ಓಡಿದೆ. ಬಸವಣ್ಣೆಮ್ಮ ತಾಟು ಹಿಡಿದು ಸುತ್ತು ಮುಗಿಸಿ ನಿಂತಿದ್ದಳು. ಟೇಪಿನಲ್ಲಿ ‘ಶಿವಾ’ ಇನ್ನೂ ಮುಂದುವರಿಯುತ್ತಲೇ ಇತ್ತು: ದಪ್ಪಗೆ, ಗಂಭೀರವಾಗಿ, ಬಾವಿಯ ಆಳದಿಂದ ಬಂದ ಹಾಗೆ. ಯಮನೂರಪ್ಪನ ಹಿಟ್ಟಿನ ಕೆನ್ನೆಯ ಮೇಲೆ ಕಣ್ಣೀರು ಎರಡು ಗೆರೆ ಕೊರೆದಿತ್ತು.

“ನಮ್ಮಪ್ಪನ ದನಿರಿ ಇದು! ಮಷೀನ್ ಸರಿ ಆತು!”

ಸೊಲ್ಲು ಮುಗಿದ ಮೇಲೆ ಗುಡುಗುಡು ಎಂದು ಏನೋ ಉರುಳಿದಂತಾಯಿತು. “ಅದು ಗಿರಣಿ ಚಾಲೂ ಆದ ಸಪ್ಪಳ” ಎಂದ. ಅವನು ಹಾಡುತ್ತಿದ್ದುದೇ ಕರೆಂಟಿಲ್ಲದಾಗ. ಗಿರಣಿ ಎಲ್ಲಿಂದ ಚಾಲೂ ಆಗಬೇಕು? ಕಸುವು ತೀರಿದ ಸೆಲ್ಲಿನ ಮೇಲೆ ನಿಧಾನವಾಗಿ ತಿರುಗಿದ ಟೇಪಿನಲ್ಲಿ ಅವನ ಕೆಮ್ಮೇ ಗಿರಣಿಯಾಗಿತ್ತು. ಬೇರೆ ಯಾವ ಹಾಡಾದರೂ ಹೀಗೆ ಎಳೆದಾಡಿದ್ದರೆ ‘ಸೆಲ್ಲು ವೀಕ್ ಆಗ್ಯಾವ’ ಎಂದು ಮೊದಲು ಹೇಳುವವನು ಅವನೇ. ನಾನು ಬಸವಣ್ಣೆಮ್ಮನನ್ನು ನೋಡಿದೆ. ಆಕೆ ತಾಟನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

ಅಂದಿನಿಂದ ಹೊಸ ಸೆಲ್ಲನ್ನು ಗಿರಣಿಯ ಹೊಸ್ತಿಲು ದಾಟಿಸಲಿಲ್ಲ. ಊರವರೆಲ್ಲ ಟಾರ್ಚಿನ ಸೆಲ್ಲು ತೀರುತ್ತ ಬಂದರೆ ಬಿಸಿಲಿಗಿಟ್ಟು ಜೀವ ಬರಿಸುತ್ತಿದ್ದರು. ಇವನೋ ತೀರುತ್ತ ಬಂದ ಸೆಲ್ಲುಗಳನ್ನೇ ಬೇಡಿ ತರುತ್ತಿದ್ದ. ಅಪ್ಪನ ದನಿ ಕೇಳಿ ಕೇಳಿ ಅವನ ಎದೆ ಉಬ್ಬಿತು. ಉಸಿರಲ್ಲ, ಎದೆ ಮಾತ್ರ.

ಶ್ರಾವಣದ ಕಡೆಯ ಸೋಮವಾರ ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಈ ಸಲ ಶಿವಶರಣಪ್ಪನ ಮೊಣಕಾಲು ಬಾತಿತ್ತು. ಬೇಕೆಂದರೂ ಬಿರಬಿರನೆ ನಡೆಯುವಂತಿರಲಿಲ್ಲ. ಆರತಿ ಎತ್ತಿ ಹೆಜ್ಜೆಯ ಮೇಲೊಂದು ಹೆಜ್ಜೆ ಊರುತ್ತ ಗದ್ದುಗೆಯ ಹಿಂದಕ್ಕೆ ಸರಿದ. ಯಮನೂರಪ್ಪ ಕಣ್ಣು ಮುಚ್ಚಿ ‘ಶಿವಾ’ ಎಂದು ಎತ್ತಿದ. ಎಂಥ ಭರವಸೆಯಿಂದ ಎತ್ತಿದ! ನನ್ನ ಕೈಗಳು ತಾವಾಗಿ ಮುಗಿದುಕೊಂಡವು. ಆರತಿ ಗದ್ದುಗೆಯ ಹಿಂಬದಿಯಲ್ಲಿದ್ದಾಗ ಸೊಲ್ಲು ಕಡಿಯಿತು. ಪದ್ಧತಿಯಂತೆ ಶಿವಶರಣಪ್ಪ ನಿಂತಲ್ಲೇ ನಿಂತ; ದೀಪ ನಮಗಾರಿಗೂ ಕಾಣದ ಕಡೆ ಉರಿಯುತ್ತಿತ್ತು. ಆಗ ಕೆಮ್ಮು ಬಂತು, ಬಿಡದೆ ಬಂತು, ಯಮನೂರಪ್ಪ ಕೆಮ್ಮುತ್ತ ಕೆಮ್ಮುತ್ತ ಎಡಕ್ಕೆ ತಿರುಗಿ ನೋಡಿದ.

ಅಲ್ಲಿ ಬರೀ ಕಲ್ಲಿನ ಕಂಬವಿತ್ತು.

ಆ ಮುಖವನ್ನು ನಾನು ಮತ್ತೆ ನೋಡಲಾರೆ. ಮನೆಗೆ ಬಂದವನು ಗಿರಣಿಯನ್ನೂ ಹಚ್ಚಲಿಲ್ಲ, ರೆಕಾರ್ಡರನ್ನೂ ಹಚ್ಚಲಿಲ್ಲ. ದಸರೆ ಬರುವುದರೊಳಗೆ ತೀರಿಕೊಂಡ.

ಮಾತಾಡಿಸಿಕೊಂಡು ಹೋಗಲು ಬಂದ ಇಸ್ಮಾಯಿಲ್‌ಸಾಬ, ಬೇರೇನು ತರಬೇಕೋ ತಿಳಿಯದೆ, ಹೊಸ ಸೆಲ್ಲು ತಂದಿದ್ದ. “ಅಕ್ಕಾ, ಒಂದ ಸಲ ಕೇಳೂಣು” ಎಂದು ತಾನೇ ಹಾಕಿ ಗುಂಡಿ ಒತ್ತಿದ. ತೆಳುವಾದ, ಅವಸರದ, ಒಣಗಿದ ‘ಶಿವಾ’ ಹೊರಟು ನಡುವೆಯೇ ಹರಿಯಿತು. ಬೆನ್ನಿಗೆ ಕೆಮ್ಮು, ಈ ಸಲ ಸ್ಪಷ್ಟವಾಗಿ ಕೆಮ್ಮೇ. ತಪ್ಪಾಯಿತೆಂದು ಸಾಬ ಗಡಬಡಿಸಿ ನಿಲ್ಲಿಸಹೋದ. “ಹಳೇವು ಹಾಕ್ತೀನಿ ಅಕ್ಕಾ, ಉದ್ದ ದನಿ ಬರ್ತೈತಿ.”

“ಬ್ಯಾಡ್ರಿ” ಎಂದಳು ಬಸವಣ್ಣೆಮ್ಮ. “ಆ ಉದ್ದಂದು ನಮ್ಮ ಮಾವಂದು. ನಾ ಮಾವನ ಜೋಡಿ ಸಂಸಾರ ಮಾಡಿಲ್ಲ. ಇದು ನಮ್ಮವರ್ದು, ಈ ಗಿಡ್ಡಂದು.” ಸೆರಗಿನಿಂದ ಕಣ್ಣು ಒರೆಸಿಕೊಂಡು, “ಆ ಕೆಮ್ಮ ಯಾರೂ ಅಳಸದಂಗ ಮಾಡಿಕೊಡ್ರಿ ಸಾಬಣ್ಣ” ಎಂದಳು.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಚಿಕ್ಕ ಚೂರುಗಳಿರುತ್ತವೆ. ಮುರಿದರೆ ಅದರ ಮೇಲೆ ಮತ್ತೆ ಹಾಡು ತುಂಬಲು ಬರುವುದಿಲ್ಲ. ಇಸ್ಮಾಯಿಲ್‌ಸಾಬ ಯಮನೂರಪ್ಪನದೇ ಸ್ಕ್ರೂಡ್ರೈವರಿನಿಂದ ಅವೆರಡನ್ನೂ ಮುರಿದು, ಕ್ಯಾಸೆಟ್ಟನ್ನು ಕಣ್ಣಿಗೊತ್ತಿ ಆಕೆಯ ಕೈಗಿಟ್ಟ.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ದುಃಖ ಇರುವಲ್ಲಿ ಕೈ ಹೋಗುವುದಿಲ್ಲವೆಂದು, ಕೈ ಹೋಗುವಲ್ಲಿ ದುಃಖವಿದೆಯೆಂದು ನಂಬಿ, ಬಿಚ್ಚಲು ಬರುವುದೊಂದನ್ನು ಮಗ್ಗುಲಲ್ಲಿ ಇಟ್ಟುಕೊಂಡು, ಅದನ್ನೇ ಒರೆಸುತ್ತ, ತಿರುವುತ್ತ, ಬೈಯುತ್ತ ಬಾಳು ಸವೆಸುತ್ತಾರೆ. ಅವರನ್ನು ಹುಚ್ಚರೆಂದು ನಗುವುದು ಬಹಳ ಸುಲಭ. ನಾವೆಲ್ಲ ಯಾವುದರ ಸ್ಕ್ರೂ ಬಿಚ್ಚುತ್ತ ಕೂತಿದ್ದೇವೆಂದು ನಮಗೆ ಗೊತ್ತೇ? ಒಂದಲ್ಲ ಒಂದು ದಿನ, ತುಂಬಿದ ಸಭೆಯಲ್ಲಿ ಉಸಿರು ಕಡಿದು, ಎಂದಿನಂತೆ ಎಡಕ್ಕೆ ತಿರುಗಿ ನೋಡುತ್ತೇವೆ. ಬೈಯಲು ಅಲ್ಲಿ ಏನೂ ಇರುವುದಿಲ್ಲ.